ಬೀಗರ ಕ್ಷೇತ್ರ, ನಮ್ಮ ತೊಟ್ಟಿಲು

ಬೀಗರೆಂದ ಮೇಲೆ ಏನಾದರೊಂದು ತಕರಾರು ಇರಲೇಬೇಕು. ತಕರಾರಿಲ್ಲದ ಬೀಗರನ್ನು ನಾನು ಈ ಕಣ್ಣಿನಿಂದ ನೋಡಿಲ್ಲ. ಒಬ್ಬರಿಗೆ ಮದುವೆಯ ಹೋಳಿಗೆಗೆ ತುಪ್ಪ ಕಡಿಮೆ ಬಿತ್ತೆಂಬ ದುಃಖ, ಇನ್ನೊಬ್ಬರಿಗೆ ತಮ್ಮ ಕಡೆಯ ಮುದುಕಿಗೆ ಮುಂದಿನ ಸಾಲಿನ ಕುರ್ಚಿ ಕೊಡಲಿಲ್ಲವೆಂಬ ಸಿಟ್ಟು. ಇಂಥವಾದರೆ ನನಗೆ ಮದ್ದು ಗೊತ್ತು. ಒಂದು ಸೀರೆ, ಎರಡು ಒಳ್ಳೆಯ ಮಾತು, ಮೇಲೊಂದು ಲೋಟ ಬಿಸಿ ಚಹಾ. ಎಂಥ ಬೀಗತಿಯಾದರೂ ಕರಗಬೇಕು. ಆದರೆ ಮೆಲ್ಬರ್ನ್‌ನಲ್ಲಿ ನನ್ನ ಪಾಲಿಗೆ ಬಂದ ಬೀಗರ ತಕರಾರಿಗೆ ಯಾವ ಸೀರೆಯೂ ಸಾಲದು. ಅವರ ಮತಕ್ಷೇತ್ರ ಕಳೆದುಹೋಗಿತ್ತು. ಕನ್ನಡಕ ಕಳೆಯುವುದನ್ನು ಕೇಳಿದ್ದೇನೆ, ಎಮ್ಮೆ ಕಳೆದದ್ದನ್ನೂ ಕೇಳಿದ್ದೇನೆ. ಊರು, ಗುಡ್ಡ, ಹೊಳೆ, ಕುರಿ, ಮತದಾರರು ಎಲ್ಲರೂ ಇದ್ದಲ್ಲೇ ಇದ್ದು ಕ್ಷೇತ್ರ ಮಾತ್ರ ಕಳೆದುಹೋಗುವುದೆಂದರೇನು? ಇದನ್ನು ಅರ್ಥ ಮಾಡಿಕೊಳ್ಳುವುದರಲ್ಲಿ ಮಗಳ ಬಾಣಂತನ ಮಾಡುವ ನನ್ನ ತಿಂಗಳುಗಳೆಲ್ಲ ಕಳೆದವು, ಸಿಟ್ಟಂತೂ ಇವತ್ತಿಗೂ ಇಳಿದಿಲ್ಲ.

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆ ಒಡೆದೀತು. ನನಗೆ ಮೊಮ್ಮಗಳು ಹುಟ್ಟಿದಳು! ಎರಡು ಸಾವಿರದ ಎಂಟನೆಯ ಇಸವಿಯಲ್ಲಿ, ಮೆಲ್ಬರ್ನ್‌ನ ಚಳಿಯಲ್ಲಿ, ಧಾರವಾಡದ ಪೇಢೆಯ ಬಣ್ಣದ ಕೂಸು. ಕಿವಿ ನೋಡಿದರೆ ನಮ್ಮ ಮನೆತನದವು, ಅಂಚು ಸ್ವಲ್ಪ ಮಡಚಿದವು. ಮೂಗು ಯಾರದೆಂದು ಇನ್ನೂ ಚರ್ಚೆಯಲ್ಲಿದೆ. ಕಾಲ ಬೆರಳುಗಳಂತೂ ಹೊಸ ಶೇಂಗಾದ ಹಸಿ ಬೀಜಗಳೇ. ನಾನು ಓದಿದ್ದು ನಾಲ್ಕನೆಯ ಇಯತ್ತೆ, ಅದೂ ಪೂರ್ತಿಯಲ್ಲ. ದೀಪಾವಳಿ ಸೂಟಿಗೆ ಮನೆಗೆ ಬಂದವಳನ್ನು ನಮ್ಮಪ್ಪ ಮತ್ತೆ ಸಾಲೆಗೆ ಕಳಿಸಲಿಲ್ಲ. ಹಾಗಾಗಿ ಆ ಕೂಸಿನ ಚಂದವನ್ನು ಬರೆಯಲು ನನ್ನಲ್ಲಿ ಇರುವ ಶಬ್ದಗಳು ಮೊದಲ ದಿನವೇ ಮುಗಿದವು. ಆಮೇಲೆ ಬರೀ ‘ಅಯ್ಯ ನನ್ನ ಬಂಗಾರ, ಅಯ್ಯ ನನ್ನ ಬಂಗಾರ’ ಎಂದೇ ದಿನ ದೂಡಿದೆ. ಆಸ್ಪತ್ರೆಯ ನರ್ಸಮ್ಮ ‘ಬಂಗಾರ’ ಎಂಬುದೇ ಕೂಸಿನ ಹೆಸರೆಂದು ತಿಳಿದು ಚೆಂದಾಗಿದೆ ಎಂದಳು.

ಮಗಳು ಶೈಲಾ ಮೆಲ್ಬರ್ನ್‌ನ ವಿಂಡಮ್ ವೇಲ್‌ನಲ್ಲಿ ಇರುತ್ತಾಳೆ. ಅಲ್ಲಿ ಎಲ್ಲ ಹೊಸ ಮನೆಗಳು, ಒಂದರಂತೆ ಒಂದು. ನಾನು ವಾಯುವಿಹಾರಕ್ಕೆಂದು ಹೊರಟು ಪರರ ಮನೆಯ ಬಾಗಿಲಿಗೆ ಕೀಲಿ ತೂರಿಸಲು ಹೋದವಳು. ಅಳಿಯ ಕ್ಯಾಲಮ್ ಒಳ್ಳೆಯ ಹುಡುಗ. ಸಣ್ಣವನಿದ್ದಾಗಲೇ ಸೋದರಮಾವನ ಜೊತೆ ಸ್ಕಾಟ್ಲೆಂಡಿನಿಂದ ಇಲ್ಲಿಗೆ ಬಂದು ಇಲ್ಲೇ ಬೆಳೆದವನು. ಅಡುಗೆ ಹೇಗೇ ಇರಲಿ, ಎರಡು ಸಲ ಹಾಕಿಸಿಕೊಂಡು ಉಣ್ಣುತ್ತಾನೆ. ಅವನ ತಂದೆ ಹ್ಯಾಮಿಶ್, ಅಂದರೆ ನಮ್ಮ ಬೀಗರು, ಹೆಂಡತಿ ತೀರಿಕೊಂಡ ಮೇಲೆ ಮಗನ ಜೊತೆ ಇರಲು ಬಂದು ಹಿಂದಿನ ಕೋಣೆಯಲ್ಲಿ ನೆಲೆಸಿದ್ದರು. ಎತ್ತರದ ಆಳು, ಕೆಂಪು ಮುಖ, ಬಿಳಿ ಹುಬ್ಬು. ಶೈಲಾ ನನ್ನನ್ನು ಕರೆಯುವುದನ್ನು ಕೇಳಿ ಅದೇ ನನ್ನ ಹೆಸರೆಂದು ತಿಳಿದು, ನನಗಿಂತ ದೊಡ್ಡವರಾದ ಆ ಮನುಷ್ಯ ಮೊದಲ ದಿನದಿಂದಲೇ ನನ್ನನ್ನು ‘ಅವ್ವ’ ಎಂದು ಕರೆಯತೊಡಗಿದರು. ಬೀಗರ ಬಾಯಲ್ಲಿ ಅವ್ವ ಅನಿಸಿಕೊಂಡ ಹೆಣ್ಣುಮಗಳು ಧಾರವಾಡ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಬೆಳಿಗ್ಗೆ ನಾನು ಒಲೆಯ ಮುಂದೆ ನಿಂತರೆ ಸಾಕು, ಬೀಗರು ಬಂದು ಕಟ್ಟೆಗೆ ಒರಗಿ ನಿಲ್ಲುವರು. ‘ಗುಡ್ ಮಾರ್ನಿಂಗ್ ಅವ್ವ’ ಎಂದವರು ಮುಂದೆ ಏನೇನೋ ಹೇಳುವರು. ನನಗೆ ಒಂದೂ ತಿಳಿಯದು. ಅರ್ಧ ಗಂಟೆ ಅವರು ಹೇಳಿದ್ದನ್ನು ಶೈಲಾ, ‘ಅವ್ವ, ಇಲೆಕ್ಷನ್ ಬಗ್ಗೆ ಹೇಳಾಕತ್ತಾರ’ ಎಂದು ಒಂದೇ ಸಾಲಿಗೆ ಇಳಿಸುವಳು. ನನಗೆ ಅರ್ಥವಾಗಲಿಲ್ಲವೆಂದು ಬೀಗರಿಗೆ ಮರುಕ ಹುಟ್ಟಿತೋ ಏನೋ, ಒಂದು ದಿನ ನನ್ನ ಮಸಾಲೆ ಡಬ್ಬಿಯನ್ನೇ ಎಳೆದುಕೊಂಡು ಪಾಠ ಶುರು ಮಾಡಿದರು. ಖಾರದ ಪುಡಿ ಎಂದರೆ ಕೆಂಪು ಪಕ್ಷ, ಅರಿಶಿನ ಎಂದರೆ ಹಳದಿ ಪಕ್ಷ. ನೀಲಿ ಪಕ್ಷಕ್ಕೆ ಡಬ್ಬಿಯಲ್ಲಿ ಬಣ್ಣ ಸಿಗಲಿಲ್ಲ. ಸಾಸಿವೆಯನ್ನೇ ನೀಲಿ ಎಂದು ತಿಳಿದುಕೋ ಅವ್ವ ಎಂದರು. ತಟ್ಟೆಯೇ ಕ್ಷೇತ್ರ. ಮೊದಲಿಗೆ ತಟ್ಟೆಯ ತುಂಬ ಸಾಸಿವೆ. ಆಮೇಲೆ ಒಂದು ಮೂಲೆಯಲ್ಲಿ ಖಾರ ಬಂತು. ಖಾರ ಹಬ್ಬುತ್ತಾ ಹಬ್ಬುತ್ತಾ ಇಡೀ ತಟ್ಟೆ ಹಿಡಿಯಿತು. ಮುಂದೆ ಅರಿಶಿನ ನುಗ್ಗಿತು. ಭಾರೀ ಪೈಪೋಟಿ ನಡೆದ ಚುನಾವಣೆಯನ್ನು ಅವರು ವಿವರಿಸಿದ ದಿನ ಖಾರವೂ ಅರಿಶಿನವೂ ಸಾಸಿವೆಯೂ ಕಲಸಿಹೋಗಿ, ಆ ಮಧ್ಯಾಹ್ನದ ಸಾರು ಉಂಡ ಅಳಿಯ ಮೊದಲ ಸಲ ‘ಸಾಕು ಅತ್ತೆ’ ಎಂದ.

ಹೀಗೆ ನಾನು, ನಮ್ಮ ತಾಲೂಕಿನ ಆಮದಾರರು, ಅಂದರೆ ಶಾಸಕರು, ಯಾರೆಂದು ಕೇಳಿದರೆ ತಡವರಿಸುವವಳು, ಸ್ಕಾಟ್ಲೆಂಡಿನ ‘ಟಾರ್ಲಿನ್ ಮತ್ತು ವೆಸ್ಟ್ ಕೆರ್ರಾ’ ಎಂಬ ಕ್ಷೇತ್ರದ ಚರಿತ್ರೆಯನ್ನು ಬಾಯಿಪಾಠ ಮಾಡಿದೆ. ನೀವೂ ಸ್ವಲ್ಪ ಕೇಳಿ. ನಾನೊಬ್ಬಳೇ ಯಾಕೆ ಅನುಭವಿಸಬೇಕು. ಮೊದಲು ಅದು ಅಲ್ಲಿನ ದೇಸಾಯರ ಜಹಗೀರಿನಂತೆ ಇತ್ತಂತೆ. ಅಪ್ಪ ಗೆದ್ದ, ಮಗ ಗೆದ್ದ, ಮಗ ಸತ್ತ ಮೇಲೆ ಅಳಿಯ ಗೆದ್ದ. ಗೆಲ್ಲದೆ ಏನು? ಆ ಕಾಲದಲ್ಲಿ ಓಟನ್ನು ಎಲ್ಲರ ಎದುರಿಗೆ ಬಾಯಿಬಿಟ್ಟೇ ಹೇಳಬೇಕಿತ್ತಂತೆ, ದೇಸಾಯರು ಮುಂದೆಯೇ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರಂತೆ! ಇದನ್ನು ಕೇಳಿ ನನಗೆ ಬಂದ ಸಿಟ್ಟಿಗೆ ಲಟ್ಟಣಿಗೆ ಮೇಜಿಗೆ ಬಡಿದೆ. ಆಮೇಲೆ ನೆಲದಡಿಯ ಕಲ್ಲಿದ್ದಲು ಅಗೆಯುವ ಬಡವರಿಗೂ ಓಟು ಬಂತು, ಕೆಂಪು ಪಕ್ಷ ಬಂತು. ಗಣಿ ಮುಚ್ಚಿತು, ಹಳದಿಯವರು ಬಂದರು. ಕ್ಷೇತ್ರದ ತುದಿಯಲ್ಲಿ ಒಂದು ನಡುಗಡ್ಡೆ. ಅಲ್ಲಿಯ ಓಟಿನ ಪೆಟ್ಟಿಗೆ ದೋಣಿಯಲ್ಲಿ ಬರಬೇಕು. ಒಂದು ವರ್ಷ ಮಂಜು ಮುಸುಕಿ ದೋಣಿ ತಡವಾಯಿತು. ಇತ್ತ ಕೆಂಪು ಪಕ್ಷದವನು ಗೆದ್ದೇ ಬಿಟ್ಟೆ ಎಂದು ಹಾರ ಹಾಕಿಸಿಕೊಂಡು ಭಾಷಣವನ್ನೂ ಮುಗಿಸಿದ್ದ. ಅಷ್ಟರಲ್ಲಿ ಒದ್ದೆ ಕೋಟಿನಲ್ಲಿ ಪೆಟ್ಟಿಗೆ ಹೊತ್ತು ಒಬ್ಬ ತರುಣ ಒಳಗೆ ಬಂದ. ಎಣಿಸಿ ನೋಡಿದರೆ ಗೆದ್ದವನು ಹಳದಿಯವನು! ಆ ಒದ್ದೆ ಕೋಟಿನ ತರುಣನೇ ನಮ್ಮ ಬೀಗರು. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದರು, ನೋಟು ಎಣಿಸಿ ಪಳಗಿದ ಬೆರಳು ಎಂದು ಬ್ಯಾಂಕಿನವರನ್ನೇ ಓಟು ಎಣಿಸಲು ಕರೆಯುತ್ತಿದ್ದರಂತೆ. ಅದೇ ರಾತ್ರಿ ಅದೇ ಮೇಜಿನಲ್ಲಿ ಇನ್ನೊಂದು ಬ್ಯಾಂಕಿನ ಹುಡುಗಿ ಎಣಿಸುತ್ತಾ ಕೂತಿದ್ದಳು. ಇಬ್ಬರ ಕೈಯೂ ಒಂದೇ ಕಟ್ಟಿನ ಮೇಲೆ ಬಿತ್ತು. ಹಳದಿಯವನು ಐದು ವರ್ಷದಲ್ಲಿ ಸೋತುಹೋದ. ಇವರ ಸಂಸಾರ ಮಾತ್ರ ಕೊನೆಯವರೆಗೆ ನಡೆಯಿತು.

ಕ್ಷೇತ್ರ ಹೋದದ್ದು ಹೇಗೆಂದರೆ, ಎಡಿನ್‌ಬರೋದಲ್ಲಿ ಅವರದೇ ಪಾರ್ಲಿಮೆಂಟು ಆಯಿತಲ್ಲ, ಇನ್ನು ಲಂಡನ್ನಿಗೆ ಅಷ್ಟು ಜನ ಯಾಕೆ ಹೋಗಬೇಕೆಂದು ಎರಡು ಸಾವಿರದ ಐದರ ಚುನಾವಣೆಗೆ ಸೀಟು ಕಡಿಮೆ ಮಾಡಿದರು. ಯಾರೋ ನಕ್ಷೆ ಹರವಿಕೊಂಡು ಗೆರೆ ಎಳೆದರು. ಟಾರ್ಲಿನ್ ಅರ್ಧ ಮೇಲಿನವರಿಗೆ, ಅರ್ಧ ಕೆಳಗಿನವರಿಗೆ. ಹೆಸರು ಯಾರಿಗೂ ಬೇಡ. ಇಷ್ಟಾದರೆ ನಾನು, ಹೋಗಲಿ ಬಿಡ್ರಿ, ನೀವೇನು ನಿಂತು ಸೋತವರೇ ಎನ್ನುತ್ತಿದ್ದೆ. ಆದರೆ ಒಂದು ಬೆಳಿಗ್ಗೆ ಬೀಗರು ಮಸಾಲೆ ಡಬ್ಬಿ ಮುಟ್ಟಲಿಲ್ಲ. ಒದ್ದೆ ಬೆರಳಿನಿಂದ ಕಟ್ಟೆಯ ಮೇಲೆ ಒಂದು ಗೆರೆ ಎಳೆದರು. ಗೆರೆಯ ಈಚೆ ಒಂದು ಚಮಚ ಇಟ್ಟರು, ಆಚೆ ಒಂದು ಚಮಚ ಇಟ್ಟರು, ಎರಡೇ ಮಾತು ಹೇಳಿದರು. ಶೈಲಾ ಮೆಲ್ಲಗೆ ಹೇಳಿದಳು: ‘ಅವ್ವ, ಗೆರಿ ಇವರ ಊರಿನ ಹಳ್ಳದ ಮ್ಯಾಲೆ ಬಂತಂತ. ಈಚೆ ಇವರು ಬಾಳೇವು ಮಾಡಿದ ಮನಿ. ಆಚೆ ಅತ್ತಿಯವರನ್ನ ಮಣ್ಣು ಮಾಡಿದ ಜಾಗ.’

ನನಗೆ ಮೈಯೆಲ್ಲ ಉರಿಯಿತು ನೋಡಿ. ಗಂಡ ಒಂದು ಕ್ಷೇತ್ರ, ಹೆಂಡತಿ ಒಂದು ಕ್ಷೇತ್ರ! ಬದುಕಿದ್ದಾಗ ಯಾವ ಅತ್ತೆಗೂ ಸಾಧ್ಯವಾಗದ ಕೆಲಸವನ್ನು ಸರಕಾರ ಒಂದು ಪೆನ್ಸಿಲಿನಲ್ಲಿ ಮಾಡಿತಲ್ಲ! ಆ ಗೆರೆ ಎಳೆದವನು ಕೈಗೆ ಸಿಕ್ಕಿದ್ದರೆ ನಾನು ಅವನಿಗೆ ನಾಲ್ಕನೆಯ ಇಯತ್ತೆಯ ಪಟ್ಟಿಯಿಂದ ಸರಿಯಾಗಿ ಗೆರೆ ಎಳೆಯುವುದನ್ನು ಕಲಿಸುತ್ತಿದ್ದೆ. ಅವತ್ತೇ ಫೋನ್ ಕಾರ್ಡು ತಿಕ್ಕಿ ಧಾರವಾಡಕ್ಕೆ ಹಚ್ಚಿದೆ. ನಮ್ಮ ಮನೆಯವರು ವಿಮಾನ ಎಂದರೆ ಬೆವರುವವರು, ಹಾಗಾಗಿ ಬಂದಿರಲಿಲ್ಲ.

‘ಏನ್ರೀ, ಇಲ್ಲಿ ಬೀಗರ ಕ್ಷೇತ್ರಾ ಒಡದು ಗಂಡ ಹೆಂಡತಿನ್ನ ಬ್ಯಾರೆ ಮಾಡ್ಯಾರ ಕೇಳ್ರಿ!’

‘ಅದಕ್ಕ್ಯಾಕ ಇಷ್ಟ ಒದರತಿ? ಇಲ್ಲೂ ಒಡದಾರ. ಈ ಸಲದ ಇಲೆಕ್ಷನ್‌ಕ ನಮ್ಮ ಹಳೇ ಕ್ಷೇತ್ರಾನ ಇಲ್ಲ. ನಿನ್ನ ತವರುಮನಿ ಆ ಕಡೆ ಹೋತು, ನಾವು ಈ ಕಡೆ.’

‘ನನ್ನ ಕೇಳದನ?’

‘ನೀ ಆಸ್ಟ್ರೇಲಿಯಾದಾಗ ಇದ್ದಿ, ಅಂತ ಅವರು ದಾರಿ ಕಾಯಲಿಲ್ಲ,’ ಎಂದು ಅವರು ನಕ್ಕು ಫೋನು ಇಟ್ಟರು.

ಅಂದಿನಿಂದ ನಾನೂ ಬೀಗರೂ ಒಂದೇ ಪಕ್ಷ. ಅವರು ಇಂಗ್ಲಿಷಿನಲ್ಲಿ ಬೈಯುವರು, ನಾನು ಕನ್ನಡದಲ್ಲಿ ಬೈಯುವೆ. ನಡುವೆ ಕೂಸು ‘ಊಂ’ ಎನ್ನುವುದು. ಅವರಿಗೆ ದಿನವೂ ಒಂದು ಚಮಚ ತುಪ್ಪ ಜಾಸ್ತಿ ಬೀಳತೊಡಗಿತು. ಈ ಒಗ್ಗಟ್ಟು ಹೀಗೇ ಇರುತ್ತಿತ್ತು, ಅವರು ಒಂದು ದಿನ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಇವಳಿಗೆ ‘ಟಾರ್ಲಿನ್’ ಎಂದು ಹೆಸರಿಡೋಣ ಎನ್ನದಿದ್ದರೆ.

ಮರುಕ ಬೇರೆ, ಮೊಮ್ಮಗಳು ಬೇರೆ. ಕ್ಷೇತ್ರದ ಹೆಸರನ್ನು ಯಾರಾದರೂ ಕೂಸಿಗೆ ಇಡುತ್ತಾರೆಯೇ? ನಾಳೆ ನಮ್ಮೂರಿನಲ್ಲಿಯೂ ಹೀಗೇ ಶುರುವಾದರೆ ಮಕ್ಕಳನ್ನು ‘ಏ ಹುಬ್ಬಳ್ಳಿ ಗ್ರಾಮೀಣ, ಬಾ ಇಲ್ಲಿ’ ಎಂದು ಕರೆಯಬೇಕು. ಅದೂ ಎಂಥ ಹೆಸರು, ಕೆಮ್ಮಿನ ಔಷಧಿಯ ಹೆಸರಿನ ಹಾಗೆ! ಊಟದ ಮೇಲೆ ಎರಡು ಚಮಚ ಟಾರ್ಲಿನ್. ಇದನ್ನು ನಗೆಯಾಡಿ ಬಿಡುತ್ತಿದ್ದೆ, ಆದರೆ ನನ್ನದೊಂದು ಹಳೆಯ ನೋವಿದೆ. ನಮ್ಮವ್ವನ ಹೆಸರು ನೀಲವ್ವ. ನಾನು ಹೊಟ್ಟೆಯಲ್ಲಿ ಶೈಲಾಳನ್ನು ಹೊತ್ತಾಗಲೇ ಅವ್ವ ತೀರಿಕೊಂಡಳು. ಹೆಣ್ಣು ಹುಟ್ಟಿದರೆ ನೀಲಾ ಎಂದೇ ಇಡಬೇಕೆಂದಿದ್ದೆ. ತೊಟ್ಟಿಲ ಮುಂದೆ ನಿಂತು ನಮ್ಮ ಅತ್ತೆಯವರು ‘ನಿಮ್ಮ ಕಡೆ ಹೆಸರು ನಮ್ಮ ಮನ್ಯಾಗ ಯಾಕ?’ ಎಂದು ಒಂದೇ ಮಾತಿಗೆ ಮುಗಿಸಿದರು. ಹೊಸ ಸೊಸೆ, ನಾನೇನು ಮಾತಾಡಲಿ? ಆ ಹೆಸರನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಂದು ತಲೆಮಾರು ಕಾದಿದ್ದೇನೆ. ಅಷ್ಟೂ ವರ್ಷ ಕಾದವಳ ಸರದಿ ಬಂದಾಗ ಸ್ಕಾಟ್ಲೆಂಡಿನಿಂದ ಒಂದು ಕ್ಷೇತ್ರ ಬಂದು ಸಾಲಿನಲ್ಲಿ ಮುಂದೆ ನಿಂತರೆ ಹೇಗಾಗಬೇಡ!

‘ನೀಲಾ’ ಎಂದೆ ನಾನು. ‘ಟಾರ್ಲಿನ್’ ಎಂದರು ಅವರು. ಶೈಲಾ ತಲೆಗೆ ಕೈ ಹಚ್ಚಿ ಕೂತಳು. ಕ್ಯಾಲಮ್ ಕೂಸಿನ ಬಟ್ಟೆ ಮಡಿಸುವ ನೆವದಲ್ಲಿ ಒಳಗೆ ಹೋದವನು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ದಿನಗಳು ಕಳೆದವು, ಕೂಸು ‘ಬೇಬಿ’ಯಾಗಿಯೇ ಉಳಿಯಿತು. ಕೊನೆಗೆ ಬೇಸತ್ತ ಅಳಿಯನೇ ಸೂಚಿಸಿದ: ಸಿಡ್ನಿಯಲ್ಲಿ ನನ್ನ ಮಗನ ಮನೆಯಲ್ಲಿ ಹೇಗೂ ತೊಟ್ಟಿಲು ಹಾಕುವ ಕಾರ್ಯಕ್ರಮ ಇದೆ. ಅಲ್ಲಿ ಮನೆಯವರೆಲ್ಲ ಓಟು ಹಾಕೋಣ, ಗೆದ್ದ ಹೆಸರು ಇಡೋಣ. ಬೀಗರ ಹುಬ್ಬು ಎರಡೂ ಮೇಲೆ ಹೋದವು. ಮುದುಕನಿಗೆ ಹತ್ತು ವರ್ಷ ಕಡಿಮೆಯಾದಂತೆ ಕಂಡಿತು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅವರ ಕಡೆ ಅಪ್ಪ, ಮಗ. ನಮ್ಮ ಕಡೆ ನಾನು, ಸಿಡ್ನಿಯ ಮಗ ಬಸು, ಸೊಸೆ ದೀಪಾ. ಶೈಲಾ, ‘ಒಂಬತ್ತ ತಿಂಗಳ ಹೊತ್ತೀನಿ, ಅಷ್ಟ ಸಾಕು. ನಾ ಇಲೆಕ್ಷನ್ ಕಮಿಷನ್ನು, ಓಟ್ ಹಾಕಂಗಿಲ್ಲ’ ಎಂದಳು. ಮೂರಕ್ಕೆ ಎರಡು! ಇನ್ನೇನು ಬೇಕು? ‘ಆಗಲಿ ಬಿಡು’ ಎಂದು ದೊಡ್ಡ ಮನಸ್ಸು ಮಾಡಿದವಳಂತೆ ಒಪ್ಪಿಕೊಂಡೆ.

ಸಿಡ್ನಿಗೆ ಕಾರಿನಲ್ಲಿ ಹೋದೆವು. ಹಿಂದಿನ ಸೀಟಿನಲ್ಲಿ ನಡುವೆ ಕೂಸಿನ ತೊಟ್ಟಿಲಂಥ ಸೀಟು, ಆಚೆ ಬೀಗರು, ಈಚೆ ನಾನು. ಬೆಳಕು ಹರಿಯುವ ಮುಂಚೆ ಹೊರಟು ಕೂಸು ಅತ್ತಲ್ಲೆಲ್ಲ ನಿಂತು ಬಸು ಇರುವ ಬ್ಲ್ಯಾಕ್‌ಟೌನ್ ಮುಟ್ಟುವಾಗ ದೀಪ ಹಚ್ಚಿದ್ದರು. ನಡುವೆ ಒಂದು ದೊಡ್ಡ ಹೊಳೆ ದಾಟಿದೆವು. ಇಲ್ಲಿಂದ ಮುಂದೆ ಬೇರೆ ರಾಜ್ಯ ಎಂದು ಶೈಲಾ ಹೇಳಿದಳು. ಬೀಗರು ಕಿಟಕಿಯಿಂದ ಆ ಹೊಳೆಯನ್ನು ನೋಡಿ ಮುಖ ಆಚೆ ತಿರುಗಿಸಿದರು. ನನಗೂ ಕಟ್ಟೆಯ ಮೇಲಿನ ಆ ಎರಡು ಚಮಚ ನೆನಪಾದವು. ಆದರೆ ಚುನಾವಣೆ ಎದುರಿಗಿರುವಾಗ ವಿರೋಧ ಪಕ್ಷದ ಮೇಲೆ ಮಮತೆ ತೋರಿಸಬಾರದೆಂದು ಕೂಸಿನ ಹೊದಿಕೆ ಸರಿಮಾಡಿದೆ.

ಬಸುವಿನ ಮನೆಯಲ್ಲಿ ಕಾರ್ಯಕ್ರಮದ ಸಡಗರವೋ ಸಡಗರ. ದೀಪಾ ಉಡುಪಿ ಕಡೆಯವಳು. ಪೆಂಡಲ್ ಹಿಲ್‌ನ ಅಂಗಡಿಗಳನ್ನೆಲ್ಲ ಸುತ್ತಿ ಕಡಲೆಬೇಳೆ, ಬೆಲ್ಲ, ವೀಳ್ಯದೆಲೆ ತಂದಿಟ್ಟಿದ್ದಳು. ನಾನು ಹೋಳಿಗೆ ಮಾಡಿ ಎಲ್ಲರಿಗೂ ಬಡಿಸಿದೆ. ಬೀಗರು ಒಂದು ತಿಂದು, ಎರಡು ತಿಂದು, ಮೂರನೆಯದಕ್ಕೆ ಕೈ ಹಾಕುವಾಗ ಥಟ್ಟನೆ ನಿಲ್ಲಿಸಿ ಏನೋ ಗುಡುಗಿದರು. ‘ಮತದಾನದ ದಿನ ಮತದಾರರಿಗೆ ಸಿಹಿ ಹಂಚೋದು ಭ್ರಷ್ಟಾಚಾರ ಅಂತಾರವಾ,’ ಎಂದಳು ಶೈಲಾ. ತಿಂದವರು ಅವರೇ, ಭ್ರಷ್ಟಳು ನಾನು! ಅಷ್ಟಕ್ಕೇ ಮುಗಿಯಲಿಲ್ಲ. ನಮ್ಮ ಮನೆಯವರ ಓಟನ್ನು ಫೋನಿನಲ್ಲಿ ತೆಗೆದುಕೊಳ್ಳಿ ಎಂದೆ. ಆಗುವುದಿಲ್ಲ, ಇವತ್ತು ಈ ಮನೆಯ ಹೊಸ್ತಿಲೊಳಗೆ ಇದ್ದವರಷ್ಟೇ ಮತದಾರರು ಎಂದರು. ಅಂದರೆ ಏನಾಯಿತು? ಸ್ವಂತ ಅಜ್ಜ ಗೆರೆಯ ಆಚೆ, ಅಜ್ಜಿ ಗೆರೆಯ ಈಚೆ! ಯಾವ ಅನ್ಯಾಯಕ್ಕೆ ಇವರು ತಿಂಗಳುಗಟ್ಟಲೆ ನನ್ನ ಅಡುಗೆಮನೆಯಲ್ಲಿ ಹಲುಬಿದರೋ ಅದೇ ಅನ್ಯಾಯವನ್ನು ನನ್ನ ಮಗನ ಮನೆಯಲ್ಲಿ ಕೂತು ನನಗೇ ಮಾಡಿದರು. ಅಧಿಕಾರ ಕೈಗೆ ಬಂದರೆ ಮನುಷ್ಯ ಹೀಗೆಯೇ.

ನಾನೂ ಬಿಡಲಿಲ್ಲ. ಚೀಟಿಯ ಮೇಲೆ ಚಿಹ್ನೆ ಬೇಕೆಂದೆ. ಚಿತ್ರ ಯಾಕೆ, ಎಲ್ಲರಿಗೂ ಓದಲು ಬರುತ್ತದಲ್ಲ ಎಂದರು. ‘ಇಂಗ್ಲಿಷ್ ಓದಾಕ ಬರದ ಮತದಾರಳು ಇಲ್ಲೇ ಕುಂತಾಳಂತ ಹೇಳು,’ ಎಂದೆ. ಶೈಲಾ ನೀಲಾಳಿಗೆ ತೊಟ್ಟಿಲು ಬರೆದಳು, ಟಾರ್ಲಿನ್‌ಗೆ ಕುರಿ ಬರೆದಳು. ಆಮೇಲೆ ಬೀಗರು ದಾರ ಕಟ್ಟಿದ ಪೆನ್ಸಿಲು ತಂದರು. ಪೆನ್ಸಿಲು! ಯಾರಾದರೂ ರಬ್ಬರಿನಿಂದ ಅಳಿಸಿದರೆ? ನಮ್ಮಲ್ಲಿ ಬೆರಳಿಗೆ ಹಚ್ಚಿದ ಶಾಯಿ ತಿಂಗಳಾದರೂ ಹೋಗುವುದಿಲ್ಲ, ಇವರ ದೇಶದಲ್ಲಿ ಸರಕಾರವನ್ನೇ ಪೆನ್ಸಿಲಿನಲ್ಲಿ ಆರಿಸುತ್ತಾರೆ. ನನ್ನ ಹಟಕ್ಕೆ ದೀಪಾ ಕೂಸಿನ ಕಾಡಿಗೆ ತಂದು ಎಲ್ಲರ ಎಡಗೈ ಬೆರಳಿಗೆ ಹಚ್ಚಿದಳು. ಬೀಗರು ಕಪ್ಪು ಬೆರಳನ್ನು ಎತ್ತಿ ಎತ್ತಿ ನೋಡಿಕೊಂಡರು. ಮನಸ್ಸಿಗೆ ಬಂದಿತ್ತು, ಬಾಯಿಬಿಟ್ಟು ಹೇಳಲಿಲ್ಲ.

ಬಟ್ಟೆ ಒಗೆಯುವ ಕೋಣೆಯೇ ಮತಗಟ್ಟೆ. ‘ಅವ್ವ, ಚಿತ್ರದ ಮುಂದ ಒಂದ ಗುರ್ತ ಹಾಕು, ಮಡಚಿ ಡಬ್ಬ್ಯಾಗ ಹಾಕು, ಅಷ್ಟ’ ಎಂದು ಶೈಲಾ ಬಾಗಿಲು ಎಳೆದುಕೊಂಡಳು. ಈ ಸಲದ್ದೊಂದು ಬಿಟ್ಟರೆ ಜೀವಮಾನದಲ್ಲಿ ಒಂದು ಚುನಾವಣೆಯನ್ನೂ ತಪ್ಪಿಸದವಳು ನಾನು. ಚೀಟಿಗೆ ಶಿಕ್ಕಾ ಒತ್ತಿದ್ದೇನೆ, ಈಚೆಗೆ ಗುಂಡಿಯನ್ನೂ ಒತ್ತಿದ್ದೇನೆ. ಪೆನ್ಸಿಲು ಹಿಡಿದು ಓಟು ಹಾಕಿದ್ದು ಇದೇ ಮೊದಲು. ಚೀಟಿಯಲ್ಲಿ ಆ ಕುರಿ ನನ್ನನ್ನೇ ನೋಡಿ ನಕ್ಕಂತೆ ಕಂಡಿತು. ಮೈಯ ಸಿಟ್ಟೆಲ್ಲ ಕೈಗೆ ಇಳಿಯಿತು. ನಮ್ಮ ಸಾಲೆಯ ಮಾಸ್ತರರು ತಪ್ಪು ಲೆಕ್ಕದ ಮೇಲೆ ಹಾಕುತ್ತಿದ್ದರಲ್ಲ, ಆ ಥರದ ಒಂದು ದೊಡ್ಡ ಅಡ್ಡಗೀಟು, ಅದರ ಮೇಲೆ ಇನ್ನೊಂದು, ಕಾಗದ ಹರಿಯುವಂತೆ ಜಗ್ಗಿ ಕುರಿಯ ಮುಂದೆ ಹಾಕಿದೆ. ನಮ್ಮವ್ವನ ತೊಟ್ಟಿಲಿಗೆ ಒಂದು ಚುಕ್ಕಿಯೂ ತಾಗದಂತೆ ಸ್ವಚ್ಛವಾಗಿ ಇಟ್ಟೆ. ಹೊರಗೆ ಬಂದು ಎಲ್ಲರನ್ನೂ ನೋಡಿ ಮುಗುಳ್ನಕ್ಕೆ.

ಎಣಿಸಿದವರು ಬೀಗರು. ಐದೇ ಚೀಟಿಗಳನ್ನು ಅವರು ಎಣಿಸಿದ ಗಾಂಭೀರ್ಯ ನೋಡಬೇಕಿತ್ತು. ಒಂದೊಂದನ್ನೇ ಬಿಡಿಸಿ, ತಮ್ಮ ಕಣ್ಣಿಗಷ್ಟೇ ಹಿಡಿದು, ಬಲಕ್ಕೊಂದು ಎಡಕ್ಕೊಂದು ಇಟ್ಟರು. ಕೊನೆಗೆ ಎದ್ದು ನಿಂತು ಘೋಷಿಸಿದರು: ತೊಟ್ಟಿಲಿಗೆ ಎರಡು, ಕುರಿಗೆ ಮೂರು.

ನಾನು ನೇರ ಸೊಸೆಯ ಕಡೆ ತಿರುಗಿದೆ. ‘ಏನವಾ ದೀಪಾ! ನನ್ನ ಹೋಳಿಗಿ ತಿಂದು ಕುರಿಗೆ ಹಾಕಿದಿ?’

‘ಅಯ್ಯೋ ಎಂತ ಅತ್ತೆ ನೀವು! ದೇವರಾಣೆ ನಾನು ತೊಟ್ಟಿಲಿಗೇ ಹಾಕಿದ್ದು ಮಾರಾಯ್ರೆ.’

‘ಹಂಗಾರ ಬಸು, ನೀನ!’

‘ಅವ್ವ, ನನಗ್ಯಾಕ ಬಯ್ತಿ? ನಿನ್ನ ಹೆದರಿಕಿಗೆ ಎರಡ ಸಲ ನೋಡಿ ಹಾಕೀನಿ.’

ಶೈಲಾ ಕುರಿಯ ಚೀಟಿಗಳಲ್ಲಿ ಒಂದನ್ನು ಎತ್ತಿ ಹಿಡಿದಳು. ಹರಿದ ಕಾಗದ, ತೂತಿನಲ್ಲಿ ಆಚೆಯ ಕಿಟಕಿ ಕಾಣುತ್ತಿತ್ತು. ಆ ಮನೆಯಲ್ಲಿ ಅಷ್ಟು ಶಕ್ತಿ ಹಾಕಿ ಬರೆಯುವ ಕೈ ಒಂದೇ. ನನ್ನ ಕಿವಿಯಲ್ಲಿ ಅವಳು, ‘ಅವ್ವ, ಇವರಲ್ಲಿ ಕ್ರಾಸ್ ಹಾಕಿದ್ರ ಬ್ಯಾಡ ಅಂತ ಅಲ್ಲ. ಅದನ್ನ ಆರಿಸೀನಿ ಅಂತ’ ಎಂದಳು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಬೀಗರು ಆ ಚೀಟಿಯನ್ನು ನೋಡಿದರು, ನನ್ನನ್ನು ನೋಡಿದರು. ಅವರ ಬಿಳಿ ಹುಬ್ಬು ನಡುಗಿತು. ನನ್ನ ಎರಡೂ ಕೈ ಹಿಡಿದು, ಕಾಡಿಗೆಯ ಬೆರಳು ಕಾಡಿಗೆಯ ಬೆರಳಿಗೆ ತಾಗಿಸಿ, ಏನೇನೋ ಹೇಳಿದರು. ಈ ಸಲ ಶೈಲಾ ಒಂದೇ ಸಾಲಿಗೆ ಇಳಿಸಲಿಲ್ಲ. ‘ಅವ್ವ, ನಿನ್ನ ತಾಯಿ ಹೆಸರು ಬಿಟ್ಟು ನೀ ಅವರ ಊರಿಗೆ ಓಟ ಕೊಟ್ಟಿಯಂತ. ಇಷ್ಟು ವರ್ಷ ಓಟ ಎಣಿಸೀನಿ, ಇಂಥಾ ಒಂದು ಓಟ ನೋಡಿಲ್ಲ ಅಂತಾರ.’ ಕ್ಯಾಲಮ್ ನನ್ನ ಕಾಲಿಗೆ ಬಿದ್ದ. ದೀಪಾ ಕಣ್ಣೊರೆಸಿಕೊಂಡಳು. ನಾನು ಮತ್ತೆ ಬಾಯಿ ತೆರೆದೆ, ಮತ್ತೆ ಮುಚ್ಚಿದೆ. ನೀವೇ ಹೇಳಿ, ಅಂಥ ಹೊತ್ತಿನಲ್ಲಿ ‘ನಾನು ಹಾಗೆ ಮಾಡಿದ್ದಲ್ಲ, ನಿಮ್ಮ ಕುರಿಯನ್ನು ಹೊಡೆದು ಹಾಕಿದ್ದೆ’ ಎನ್ನಲು ಯಾರಿಗೆ ಬಾಯಿ ಬಂದೀತು?

ಆದರೆ ನಾನು ಪೂರ್ತಿ ಸೋತಿರಲಿಲ್ಲ. ನಮ್ಮ ಕಡೆ ಕೂಸಿನ ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳಬೇಕು. ಅವಳು ಹೇಳಿದ್ದೇ ಹೆಸರು. ಕ್ಯಾಲಮ್‌ಗೆ ಅಕ್ಕತಂಗಿಯರಿಲ್ಲ. ಹೀಗಾಗಿ ಹಿರಿಯಳೆಂದು ಆ ಗೌರವ ನನಗೇ ಬಂದಿತ್ತು. ಕಾಗದದಲ್ಲಿ ಏನೇ ಬರಲಿ, ಕಿವಿಗೆ ‘ನೀಲಾ’ ಎಂದರೆ ಯಾರಿಗೆ ಕೇಳೀತು? ಇಂಥ ಯೋಚನೆಗೆ ನಮ್ಮೂರಿನಲ್ಲಿ ಬೂತ್ ವಶ ಎನ್ನುತ್ತಾರೆ. ಆಗ ನನಗೆ ಅದು ನೆನಪಾಗಲಿಲ್ಲ. ಬ್ಲ್ಯಾಕ್‌ಟೌನ್‌ನ ಹುಬ್ಬಳ್ಳಿ, ಬೆಳಗಾವಿ ಕಡೆಯ ಹೆಣ್ಣುಮಕ್ಕಳೆಲ್ಲ ಹೊಸ ಸೀರೆಯಲ್ಲಿ ಬಂದು ತೊಟ್ಟಿಲ ಸುತ್ತ ನಿಂತರು, ಹಾಡಿದರು. ನಾನು ಬಗ್ಗಿದೆ. ನಾಲಿಗೆಯ ತುದಿಯಲ್ಲಿ ನಮ್ಮವ್ವನ ಹೆಸರು ಬಂದು ನಿಂತಿತ್ತು. ‘ಕುರ್ರ್’ ಎಂದೆ.

ಹೆಸರು ಹೇಳುವವಳ ಬೆನ್ನಿಗೆ ಉಳಿದ ಹೆಂಗಸರು ಧಪಧಪ ಗುದ್ದಬೇಕು. ಅದು ನಮ್ಮ ಪದ್ಧತಿ, ನಗೆಚಾಟಿಕೆ. ಆದರೆ ಇದನ್ನು ಬೀಗರಿಗೆ ಯಾರೂ ಹೇಳಿರಲಿಲ್ಲ. ಅವರಿಗೆ ಕಂಡದ್ದು ಇಷ್ಟೇ: ಪರಪಕ್ಷಕ್ಕೆ ಓಟು ಹಾಕಿದ ಮುದುಕಿಯನ್ನು ಅವಳ ಸ್ವಂತ ಪಕ್ಷದವರೆಲ್ಲ ಸೇರಿ ಬಡಿಯುತ್ತಿದ್ದಾರೆ! ‘ನೋ! ನೋ! ಅವ್ವ!’ ಎಂದು ಕೂಗುತ್ತಾ ಆ ಎತ್ತರದ ಮನುಷ್ಯ ಸೀರೆಗಳ ನಡುವೆ ನುಗ್ಗಿ ಬಂದು ನನ್ನ ಬೆನ್ನಿಗೆ ತಮ್ಮ ಬೆನ್ನು ಕೊಟ್ಟು ನಿಂತರು. ಬೆಳಗಾವಿಯ ಒಬ್ಬ ಗಟ್ಟಿ ಹೆಣ್ಣುಮಗಳು ಎತ್ತಿದ ಮುಷ್ಟಿಯನ್ನು ತಡೆಯಲಾಗದೆ ಅವರ ಎದೆಗೇ ಇಳಿಸಿದಳು. ಬೀಗರು ‘ಉಫ್’ ಎಂದರು, ಕದಲಲಿಲ್ಲ. ಮನೆ ತುಂಬ ನಗೆ. ಶೈಲಾ ನಗುತ್ತಾ ಅವರಿಗೆ ಪದ್ಧತಿ ವಿವರಿಸುತ್ತಿದ್ದಳು, ಅವರ ಮುಖ ಇನ್ನಷ್ಟು ಕೆಂಪಾಗುತ್ತಿತ್ತು, ನಾನು ಮಾತ್ರ ತೊಟ್ಟಿಲಿಗೆ ಬಗ್ಗಿಯೇ ಇದ್ದೆ. ನನಗಾಗಿ ಗುದ್ದು ತಿಂದ ಮನುಷ್ಯನ ಬೆನ್ನು ನನ್ನ ಬೆನ್ನಿಗೆ ತಾಗಿರುವಾಗ ಅವರ ಗೆದ್ದ ಚುನಾವಣೆಯನ್ನು ಕದಿಯಲು ನನ್ನಿಂದಾಗಲಿಲ್ಲ. ‘ಟಾರ್ಲಿನ್’ ಎಂದು ಹೇಳಿದೆ. ನಾಲಿಗೆ ಹೊರಳದೆ ಎರಡು ಸಲ ಹೇಳಬೇಕಾಯಿತು.

ಈಗ ಮೆಲ್ಬರ್ನ್‌ಗೆ ವಾಪಸು ಬಂದಿದ್ದೇವೆ. ಬೀಗರು ನನ್ನ ತ್ಯಾಗದ ಕತೆಯನ್ನು ಸ್ಕಾಟ್ಲೆಂಡಿನ ಎಲ್ಲ ನೆಂಟರಿಗೂ ಫೋನಿನಲ್ಲಿ ಹೇಳಿ ಮುಗಿಸಿದ್ದಾರೆ. ಅಲ್ಲಿಂದ ಯಾರೋ ನನಗೆ ಉಣ್ಣೆಯ ಶಾಲು ಕಳಿಸಿದ್ದಾರೆ. ಹೊದ್ದುಕೊಂಡಾಗಲೆಲ್ಲ ಮೈ ಬೆಚ್ಚಗಾಗುತ್ತದೆ, ಮನಸ್ಸು ಚುಚ್ಚುತ್ತದೆ. ನಿಜ ಹೇಳಿದ್ದು ನಮ್ಮ ಮನೆಯವರಿಗೆ ಮಾತ್ರ. ಅವರು ಫೋನಿನಲ್ಲಿ ನಕ್ಕು ನಕ್ಕು ಕಾರ್ಡಿನ ದುಡ್ಡು ಮುಗಿಸಿದರು. ಅಳಿಯ ಕೆಲಸಕ್ಕೆ ಹೋಗಿ, ಶೈಲಾ ಮಲಗಿ, ಬೀಗರು ತಿರುಗಾಡಲು ಹೊರಟ ಮೇಲೆ, ನಾನು ಬಾಗಿಲು ಮುಂದೆ ಮಾಡಿ, ಕೂಸನ್ನು ಮಡಿಲಲ್ಲಿ ಹಾಕಿಕೊಂಡು, ‘ನೀಲಾ, ಏ ನೀಲವ್ವ, ನೋಡ ಇಲ್ಲಿ’ ಎಂದು ಕರೆಯುತ್ತೇನೆ. ಅದು ಫ್ಯಾನು ನೋಡುತ್ತದೆ. ಮತ್ತೆ ಕರೆಯುತ್ತೇನೆ. ಕಿಟಕಿ ನೋಡುತ್ತದೆ, ತನ್ನ ಮುಷ್ಟಿಯನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಕೊನೆಗೆ ಸೋತು, ಸಿಟ್ಟಿನಿಂದ, ಯಾರೂ ಕೇಳುತ್ತಿಲ್ಲವೆಂದು ಅತ್ತಿತ್ತ ನೋಡಿ ‘ಟಾರ್ಲಿನ್’ ಎನ್ನುತ್ತೇನೆ. ತಕ್ಷಣ ಆ ಬಂಗಾರ ಕತ್ತು ಹೊರಳಿಸಿ ಬೊಚ್ಚು ಬಾಯಿ ಅಗಲ ಮಾಡಿ ನಗುತ್ತದೆ ನೋಡಿ! ಆ ನಗುವಿಗಾಗಿ ನಾನು ದಿನಕ್ಕೆ ಎಷ್ಟು ಸಲ ಆ ಕೆಮ್ಮಿನ ಔಷಧಿಯ ಹೆಸರು ಹೇಳುತ್ತೇನೆಂದು ಕೇಳಬೇಡಿ. ಮರುಚುನಾವಣೆ ಆಗಲೇಬೇಕೆಂದು ಮೊದಮೊದಲು ಹಟ ಹಿಡಿದಿದ್ದವಳು ಈಗ ಆ ಮಾತೇ ಎತ್ತುವುದಿಲ್ಲ. ಆದರೆ, ನಡೆದೇಬಿಟ್ಟಿತು ಎನ್ನಿ, ಈ ಸಲ ನಾನು ಬೇಕೆಂದೇ ಆ ಕುರಿಯ ಮುಂದೆ ಗುರುತು ಹಾಕಿಯೇನು. ಅದಕ್ಕೇ ನೋಡಿ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು.